ಮೋಡದೊಳಗೆ ಮುಳ್ಳಯ್ಯನಗಿರಿ: ಅಪ್ರೋಚ್ ಚಾರ್ಟಿನ ಎತ್ತರಗಳನ್ನು ಓದುವುದು ಹೇಗೆ?

ಮಳೆಗಾಲದಲ್ಲಿ ಚಿಕ್ಕಮಗಳೂರಿನ ಗಿರಿಸಾಲು ದಿನಗಟ್ಟಲೆ ಮೋಡದೊಳಗೇ ಇರುತ್ತದೆ. ಹೊರಗೇನೂ ಕಾಣದಾಗ ಪೈಲಟ್‌ಗೆ ಅಪ್ರೋಚ್ ಚಾರ್ಟಿನ, ಅಂದರೆ ಇಳಿಯುವ ದಾರಿಯ ನಕ್ಷೆಯ, ಎತ್ತರಗಳೇ ಗತಿ. ಅಭ್ಯಾಸಕ್ಕೆಂದು ಊರ ನಡುವೆ ಒಂದು ವಿಒಆರ್ ಕೇಂದ್ರ (ವಿಮಾನಗಳಿಗೆ ದಿಕ್ಕು ತೋರಿಸುವ ರೇಡಿಯೊ ಕೇಂದ್ರ) ಇದೆಯೆಂದುಕೊಳ್ಳಿ.

ಮೊದಲು ಎಂಎಸ್‌ಎ (ಕನಿಷ್ಠ ಸೆಕ್ಟರ್ ಎತ್ತರ) ವೃತ್ತ ನೋಡಿ. ಕೇಂದ್ರದ ಸುತ್ತ 25 ನಾಟಿಕಲ್ ಮೈಲಿ (46 ಕಿ.ಮೀ.) ಒಳಗಿನ ಅತಿ ಎತ್ತರದ ಅಡ್ಡಿಗಿಂತ ಕನಿಷ್ಠ 1,000 ಅಡಿ ಮೇಲಿನ ಅಂಕಿ ಅದು. ಮುಳ್ಳಯ್ಯನಗಿರಿ ಸುಮಾರು 6,330 ಅಡಿ. ಸಾವಿರ ಕೂಡಿಸಿ ಮುಂದಿನ ನೂರಕ್ಕೇರಿಸಿದರೆ 7,400. ಬೆಟ್ಟದ ಸೀಮೆಯಲ್ಲಿ ಅಂತರವನ್ನು 2,000 ಅಡಿವರೆಗೆ ಹೆಚ್ಚಿಸುವುದೂ ಉಂಟು, ಆಗ 8,400.

ವೃತ್ತವನ್ನು ಸೆಕ್ಟರ್‌ಗಳಾಗಿ ಹಂಚಿದ್ದರೆ ಹಾಸನದ ಬಯಲ ಕಡೆಗೆ ಅಂಕಿ ಕಡಿಮೆ ಇರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಸೆಕ್ಟರ್ ಗಡಿಯ ಡಿಗ್ರಿಗಳು ಕೇಂದ್ರದ ಕಡೆಗಿನ ಬೇರಿಂಗ್‌ಗಳು, ಅಂದರೆ ವಿಮಾನದಿಂದ ಕೇಂದ್ರ ಯಾವ ದಿಕ್ಕಿಗಿದೆ ಎಂಬುದು. ವಾಯವ್ಯದಲ್ಲಿ, ಗಿರಿಯ ನೆತ್ತಿಯ ಮೇಲಿರುವ ವಿಮಾನಕ್ಕೆ ಅದು 315ರ ಆಸುಪಾಸಲ್ಲ, 135ರ ಆಸುಪಾಸು. ತಿರುಗಾಮುರುಗಾ ಓದಿದರೆ ಬಯಲಿನ ಎತ್ತರದಲ್ಲೇ ಬೆಟ್ಟಕ್ಕೆ ನುಗ್ಗಿದಂತೆ. ಸೆಕ್ಟರ್ ಗಡಿಯಾಚೆ 5 ನಾಟಿಕಲ್ ಮೈಲಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಗಿರಿ ಊರಿಂದ ನೇರ 10 ಕಿ.ಮೀ. ಅಷ್ಟೇ ಇರುವುದರಿಂದ ಅಕ್ಕಪಕ್ಕದ ಸೆಕ್ಟರ್‌ಗಳ ಅಂಕಿಯೂ ಏರುತ್ತದೆ.

ಎಂಎಸ್‌ಎ ಇರುವುದು ತುರ್ತಿಗೆ. ಇಳಿಯುವಾಗ ಪ್ರತಿ ಹಂತಕ್ಕೂ ಬೇರೆ ಕನಿಷ್ಠ ಎತ್ತರ: ಆರಂಭದಲ್ಲಿ ಅಡ್ಡಿಗಿಂತ 1,000 ಅಡಿ, ಮಧ್ಯದಲ್ಲಿ 500, ಗ್ಲೈಡ್‌ಪಾತ್ (ಇಳಿಯುವ ಇಳಿಜಾರನ್ನು ತೋರಿಸುವ ಸಂಕೇತ) ಇಲ್ಲದ ಅಪ್ರೋಚ್‌ನ ಕೊನೆಯಲ್ಲಿ 250ರ ಹತ್ತಿರ. ಇದು ದಾರಿ ತಪ್ಪದಿದ್ದರೆ ಮಾತ್ರ. ಹಾಗಾಗಿ ಫಿಕ್ಸ್ (ದಾರಿಯಲ್ಲಿ ಚಾರ್ಟ್ ಗುರುತಿಸಿದ ಬಿಂದು) ದಾಟಿದ್ದು ಖಾತ್ರಿಯಾಗದೆ ಒಂದಡಿಯೂ ಇಳಿಯಬೇಡಿ. ಅಪ್ರೋಚ್‌ಗೆ ಕಂಟ್ರೋಲರ್ ಅನುಮತಿ ಕೊಟ್ಟ ಮಾತ್ರಕ್ಕೆ ಕೆಳಗಿನ ಹಂತಕ್ಕೆ ಇಳಿಯಬಹುದೆಂದಲ್ಲ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಟಿಡಬ್ಲ್ಯುಎ ಸಂಸ್ಥೆಯ ವಿಮಾನ 514 ಹೀಗೇ 1,800 ಅಡಿಗೆ ಇಳಿಯಲು ಹೋಗಿ ಗುಡ್ಡಕ್ಕೆ ಬಡಿಯಿತು. 92 ಮಂದಿ ಸತ್ತರು.

ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ, ಹೆಕ್ಟೊಪಾಸ್ಕಲ್‌ಗಳಲ್ಲಿ) ಅನ್ನು ಕೇಳಿ, ಮರಳಿ ಹೇಳಿ, ಎತ್ತರ ತೋರಿಸುವ ಎರಡೂ ಆಲ್ಟಿಮೀಟರ್‌ಗಳಲ್ಲಿ ಹೊಂದಿಸಿ. 1003 ಇಡುವಲ್ಲಿ 1013 ಇದ್ದರೆ ಮುಳ್ಳು ತೋರಿಸುವುದಕ್ಕಿಂತ ಸುಮಾರು 280 ಅಡಿ ಕೆಳಗಿರುತ್ತೀರಿ. ಕೊನೆಯ ಹಂತದ ಅಂತರವೆಲ್ಲ ಅಲ್ಲಿಗೆ ಮುಗಿಯಿತು.

ರನ್‌ವೇ ಕಾಣದಿದ್ದರೆ ಮೇಲೇರಬೇಕಲ್ಲ, ಆ ಲೆಕ್ಕವನ್ನು ಇಳಿಯುವ ಮುಂಚೆಯೇ ಹಾಕಿ. ಸಾಮಾನ್ಯ ಏರಿಕೆ ಶೇ 2.5 (ನೂರಡಿ ಮುಂದಕ್ಕೆ ಎರಡೂವರೆ ಅಡಿ ಮೇಲಕ್ಕೆ), ನೆಲದ ಮೇಲಿನ ವೇಗ 120 ನಾಟ್ (ಗಂಟೆಗೆ 120 ನಾಟಿಕಲ್ ಮೈಲಿ) ಇದ್ದರೆ ನಿಮಿಷಕ್ಕೆ 300 ಅಡಿ ಸಾಕು. ಚಾರ್ಟ್ ಶೇ 5 ಕೇಳಿದರೆ 600 ಬೇಕು. ಊರೇ ಸುಮಾರು 3,500 ಅಡಿ ಎತ್ತರದಲ್ಲಿದ್ದು ಬಿಸಿಲೂ ಏರಿದ್ದರೆ ಸಣ್ಣ ವಿಮಾನಕ್ಕೆ ಅದು ದಕ್ಕದೇ ಹೋಗಬಹುದು. ಆಗ ಅದೇ ಚಾರ್ಟಿನಲ್ಲಿ ಶೇ 2.5ಕ್ಕೆ ಕೊಟ್ಟ ಹೆಚ್ಚಿನ ಕನಿಷ್ಠ ಎತ್ತರ ಬಳಸಿ. ಅದನ್ನು ಕೊಟ್ಟಿಲ್ಲವಾದರೆ ಬೇರೆ ವಿಮಾನ ನಿಲ್ದಾಣಕ್ಕೆ ಹೋಗಿ.