ಸದನಕ್ಕೆ ಪ್ರಶ್ನೆ ಬರೆದುಕೊಡುವ ಕೆಲಸ: ನನ್ನ ಅನುಭವ

ನಾನು ಶಿವಮೊಗ್ಗ ಜಿಲ್ಲೆಯ ಅಡಿಕೆ ಬೆಳೆಗಾರ. ತೋಟದ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಅಧಿವೇಶನ ಹತ್ತಿರ ಬಂದಾಗ ನಮ್ಮ ಭಾಗದ ಶಾಸಕರಿಗೆ ಪ್ರಶ್ನೆ ಬರೆದು ಕೊಡುತ್ತೇನೆ. ದೆಹಲಿಗೆ ಸೇರಿದ ವಿಷಯವಾದರೆ ಸಂಸದರ ಕಚೇರಿಗೆ ಕಳಿಸುತ್ತೇನೆ. ಯಾವ ಶಾಸಕರು, ಯಾವ ಪಕ್ಷ ಅಂತ ಕೇಳಬೇಡಿ. ಶಾಸಕರು ಬದಲಾಗಿದ್ದಾರೆ, ಪಕ್ಷವೂ ಬದಲಾಗಿದೆ, ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗ ಮಾತ್ರ ಬದಲಾಗಿಲ್ಲ.

ನಮ್ಮ ಜಿಲ್ಲೆಗೆ ಸದನದಲ್ಲಿ ಒಂದು ಹೆಸರಿದೆ. ಭೂಮಾಲೀಕರ ವಿರುದ್ಧ ಗೇಣಿದಾರರು ಮಾಡಿದ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದು ಗೇಣಿದಾರರ ಮಾತನ್ನು ಸದನದೊಳಗೆ ತೆಗೆದುಕೊಂಡು ಹೋದರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲೇ ಮಾತಾಡಿದರು. ಹೀಗಾಗಿ ನಮ್ಮ ಕಡೆ ಜನಕ್ಕೆ ಸದನ ಅಂದರೆ ಭಾಷಣ. 'ನಮ್ಮೋರು ಏನು ಗುಡುಗಿದರು ಮಾರಾಯ' ಅಂತ ಮೊಬೈಲಲ್ಲಿ ತುಣುಕು ತೋರಿಸುತ್ತಾರೆ. ಶೂನ್ಯ ವೇಳೆಯಲ್ಲಿ ಎರಡು ನಿಮಿಷ ಗುಡುಗಿದರೆ ಪೇಪರಲ್ಲಿ ಫೋಟೋ ಬರುತ್ತದೆ, ಅದಕ್ಕೂ ಅದರದ್ದೇ ಬೆಲೆ ಇದೆ. ಆದರೆ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಇಟ್ಟು 'ಇದು ನೋಡಿ ಸಾರ್' ಅನ್ನಲು ಒಂದು ಹಾಳೆ ಬೇಕು. ಆ ಹಾಳೆ ಬರುವುದು ಚುಕ್ಕೆ ಗುರುತಿಲ್ಲದ ಪ್ರಶ್ನೆಯಿಂದ.

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಉಪಪ್ರಶ್ನೆ ಕೇಳಬಹುದು. ಎಲ್ಲರಿಗೂ ಅದೇ ಬೇಕು. ಲೋಕಸಭೆಯಲ್ಲಿ ದಿನಕ್ಕೆ ಅಂಥವು 20 ಮಾತ್ರ, ಅದಕ್ಕೂ ಚೀಟಿ ಎತ್ತುತ್ತಾರೆ. ಅದರಲ್ಲೂ ಚರ್ಚೆಗೆ ಸಿಗುವುದು ಮೊದಲ ಕೆಲವು. ಚುಕ್ಕೆ ಇಲ್ಲದವು ದಿನಕ್ಕೆ 230. ಅವಕ್ಕೆ ಲಿಖಿತ ಉತ್ತರ. ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಟಿವಿಯಲ್ಲೂ ಬರುವುದಿಲ್ಲ. ನನಗೆ ಬೇಕಾದದ್ದು ಅದೇ.

ವಿಧಾನಸಭೆಯ ಉತ್ತರ ಪತ್ರ ನೋಡಿದವರಿಗೆ ಅದರ ಅಂದ ಗೊತ್ತು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅ, ಆ, ಇ ಅಂತ ತುಂಡು ತುಂಡು. '(ಅ) ಅಡಿಕೆ ಬೆಳೆಗಾರರು ಸಂಕಷ್ಟದಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಅಂತ ಕೇಳಿದರೆ ಬಲಗಡೆ 'ಬಂದಿದೆ.' '(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?' 'ಪರಿಶೀಲನೆಯಲ್ಲಿದೆ.' ಮುಗಿಯಿತು. ಇನ್ನು ಅ-ಗೆ 'ಇಲ್ಲ' ಅಂದರೆ ಆ-ಗೆ 'ಉದ್ಭವಿಸುವುದಿಲ್ಲ'. ಈ ಉದ್ಭವಿಸುವುದಿಲ್ಲ ಓದಿ ಓದಿ ನನಗೆ ಸಾಕಾಗಿದೆ. ಅದಕ್ಕೇ 'ಗಮನಕ್ಕೆ ಬಂದಿದೆಯೇ' ಅನ್ನುವ ಮಾತನ್ನೇ ನಾನು ಬರೆಯುವುದಿಲ್ಲ. ಹೌದು ಅಥವಾ ಇಲ್ಲ ಅಂತ ತಪ್ಪಿಸಿಕೊಳ್ಳಲು ಆಗದ ಹಾಗೆ ಕೇಳಬೇಕು. ಎಷ್ಟು, ಎಲ್ಲಿ, ಯಾವ ದಿನಾಂಕ, ಯಾವ ಆದೇಶ. 'ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ' ಅಂತ ಬಂದರೆ ಗೆದ್ದ ಹಾಗೆ. ಅನುಬಂಧದಲ್ಲೇ ಇರುತ್ತದೆ ಮಾಲು.

ಬೆಳೆ ವಿಮೆಯದ್ದು ಹೇಳುತ್ತೇನೆ, ಅದು ಚೆನ್ನಾಗಿ ನಡೆದ ಕೆಲಸ. ಅಡಿಕೆಗೆ ಇರುವುದು ಹವಾಮಾನ ಆಧಾರಿತ ವಿಮೆ. ನಾನು ಕಟ್ಟಿದ ವರ್ಷ ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ, ರೈತನ ಪಾಲು ಶೇ. 5, ಅಂದರೆ 6,400 ರೂಪಾಯಿ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನೆಂದರೆ, ಇದರಲ್ಲಿ ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ನೋಡುವುದಿಲ್ಲ. ಗ್ರಾಮ ಪಂಚಾಯಿತಿಯ ಮಳೆ ಮಾಪಕ ಏನು ಬರೆಯುತ್ತದೋ ಅದರ ಮೇಲೆ ಲೆಕ್ಕ. ಕೊಳೆ ಬರುವುದು ಎಡೆಬಿಡದ ಮಳೆ ಮತ್ತು ತೇವದಿಂದ, ಹಾಗಾಗಿ ಮಳೆ ಅಳೆದರೆ ಸಾಕು ಅನ್ನುವುದು ವಿಮೆಯವರ ವಾದ. ವಾದ ತಪ್ಪಲ್ಲ. ಆದರೆ ಮಾಪಕ ಕೆಟ್ಟು ಕೂತರೆ? ನಮ್ಮಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಎರಡು ಸಲ ಹೊಡೆದರೂ ಅರ್ಧ ಫಸಲು ಉದುರಿದ ವರ್ಷ ನಮ್ಮ ಪಂಚಾಯಿತಿಗೆ ಬಂದ ಪರಿಹಾರ ಪಕ್ಕದ ಪಂಚಾಯಿತಿಯದಕ್ಕಿಂತ ತೀರಾ ಕಡಿಮೆ. ಜನ ಸಿಟ್ಟಿಗೆದ್ದರು, ಪ್ರತಿಭಟನೆ ಮಾಡೋಣ ಅಂದರು. ಮಾಡಿ, ಆದರೆ ಮೊದಲು ಒಂದು ಪ್ರಶ್ನೆ ಹಾಕಿಸುತ್ತೇನೆ ಅಂದೆ.

ಪ್ರಶ್ನೆ ಹೀಗಿತ್ತು. '(ಅ) ಸದರಿ ಹೋಬಳಿಯ ಯಾವ ಯಾವ ಗ್ರಾಮ ಪಂಚಾಯಿತಿಗಳ ಮಳೆ ಮಾಪಕಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ದಿನ ದತ್ತಾಂಶ ನೀಡಿಲ್ಲ. (ಆ) ಆ ದಿನಗಳಿಗೆ ಯಾವ ಮಾಪಕದ ದತ್ತಾಂಶವನ್ನು ಬಳಸಲಾಗಿದೆ. (ಇ) ಎರಡೂ ಮಾಪಕಗಳ ನಡುವಿನ ಅಂತರ ಎಷ್ಟು?' ಅಷ್ಟೇ. ಎಲ್ಲೂ 'ರೈತನ ಕಣ್ಣೀರು' ಇಲ್ಲ. ಶಾಸಕರ ಆಪ್ತ ಸಹಾಯಕರು ಓದಿ, 'ಏನ್ರೀ ಇದು, ಇಂಜಿನಿಯರ್ ಪ್ರಶ್ನೆ ಇದ್ದಂಗಿದೆ' ಅಂತ ನಕ್ಕರು. ಉತ್ತರ ಬಂತು, ಅನುಬಂಧ ಸಮೇತ. ನಮ್ಮ ಪಂಚಾಯಿತಿಯ ಮಾಪಕ ಜೋರು ಮಳೆಯ ವಾರಗಳಲ್ಲೇ ಮಲಗಿತ್ತು. ಅದರ ಬದಲು ಬಯಲಿನ ಕಡೆಯ ಮಾಪಕದ ಅಂಕಿ ಹಾಕಿದ್ದರು. ಇದು ಸರ್ಕಾರವೇ ಸದನಕ್ಕೆ ಕೊಟ್ಟ ಮಾಹಿತಿ, ನಾವು ಹೇಳಿದ್ದಲ್ಲ. ಆ ಹಾಳೆ ಹಿಡಿದು ಜಿಲ್ಲಾ ಮಟ್ಟದ ಸಭೆಗೆ ಹೋದಾಗ ಮಾತಿನ ಧಾಟಿಯೇ ಬೇರೆ ಆಯಿತು. ಆಮೇಲೆ ಸುಮಾರು ಜನಕ್ಕೆ ವ್ಯತ್ಯಾಸದ ಹಣ ಬಂತು. ಎಲ್ಲರಿಗೂ ಬಂತು ಅಂತ ಹೇಳಲಾರೆ.

ತೆರಿಗೆ ವಿಷಯ ಇದಕ್ಕಿಂತ ಜಾಸ್ತಿ ಗೋಜಲು. ಅಡಿಕೆ ಒಂದೇ, ಉತ್ತರ ಹೇಳುವ ಮಂತ್ರಿಗಳು ನಾಲ್ವರು. ಆಮದು ಬೆಲೆ ವಾಣಿಜ್ಯ ಇಲಾಖೆಯದು. ಕಸ್ಟಮ್ಸ್ ಸುಂಕ, ಜಿಎಸ್‌ಟಿ ಹಣಕಾಸಿನದು. ಎಲೆಚುಕ್ಕೆ ರೋಗದ ಸಂಶೋಧನೆ ಕೃಷಿಯದು. ಅಡಿಕೆ ತಿಂದರೆ ಏನಾಗುತ್ತದೆ ಅನ್ನುವುದು ಆರೋಗ್ಯದ್ದು. ಆಮದು ಬಗ್ಗೆ ಕೃಷಿ ಮಂತ್ರಿಗೆ ಕೇಳಿದರೆ 'ನಮ್ಮ ವ್ಯಾಪ್ತಿಯಲ್ಲಿಲ್ಲ' ಅಂತ ಬರುತ್ತದೆ, ಒಂದು ಅಧಿವೇಶನ ಸುಮ್ನೆ ಹೋಗುತ್ತದೆ. ನೋಟಿಸಿಗೆ ಪೂರ್ತಿ 15 ದಿನ ಮೊದಲೇ ಕೊಡಬೇಕಾದ್ದರಿಂದ ತಿದ್ದಲೂ ಸಮಯ ಸಿಗುವುದಿಲ್ಲ.

ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗಕ್ಕೆ ಹೊರಗಿನ ಅಡಿಕೆ ತರಬಾರದು ಅನ್ನುವ ಮಿತಿ, 2023ರ ಫೆಬ್ರವರಿಯಲ್ಲಿ ಕೆಜಿಗೆ 251ರಿಂದ 351 ರೂಪಾಯಿ ಆಯಿತು. ಊರಲ್ಲಿ ಎಲ್ಲರಿಗೂ ಖುಷಿ. ಆದರೆ ಅದಕ್ಕೆ ಕೆಲವೇ ತಿಂಗಳ ಮುಂಚೆ, 2022ರ ಸೆಪ್ಟೆಂಬರಿನಲ್ಲಿ, ಭೂತಾನಿನಿಂದ 17,000 ಟನ್ ಹಸಿ ಅಡಿಕೆ ಈ ಬೆಲೆಯ ನಿರ್ಬಂಧವಿಲ್ಲದೆ ಬರಲು ಬಿಟ್ಟಿದ್ದರು. ಇಲ್ಲಿ 'ಭೂತಾನ್ ಅಡಿಕೆ ನಿಲ್ಲಿಸುತ್ತೀರಾ' ಅಂತ ಕೇಳಿದರೆ ನೆರೆ ದೇಶದ ಸ್ನೇಹ ಸಂಬಂಧದ ಪಾಠ ಓದಿಸುತ್ತಾರೆ. ನಾನು ಬರೆದುಕೊಟ್ಟದ್ದು: ಈವರೆಗೆ ಎಷ್ಟು ಟನ್ ಬಂದಿದೆ, ಗಡಿಯ ಯಾವ ಕಸ್ಟಮ್ಸ್ ಠಾಣೆಯ ಮೂಲಕ, ಘೋಷಿತ ಬೆಲೆ ಎಷ್ಟು, ಎಷ್ಟು ಸರಕು ವಶಪಡಿಸಿಕೊಂಡಿದ್ದೀರಿ.

ಜಿಎಸ್‌ಟಿ ಬಗ್ಗೆ ಬರುವ ಅರ್ಧ ದೂರುಗಳು ಪ್ರಶ್ನೆಯೇ ಆಗುವುದಿಲ್ಲ. ಸ್ವಂತ ತೋಟದ ಫಸಲು ಮಾರುವ ರೈತ ನೋಂದಣಿ ಮಾಡಿಸಬೇಕಾಗಿಲ್ಲ. ಒಣ ಅಡಿಕೆಯ ಮೇಲಿನ ಶೇ. 5 ಕೊಂಡವನ ಲೆಕ್ಕದಲ್ಲಿ ಬರುತ್ತದೆ, ಧಾರಣೆಯಲ್ಲಿ ನಮಗೂ ತಟ್ಟುತ್ತದೆ ಅನ್ನುವುದು ಬೇರೆ ಮಾತು. ಆದಾಯ ತೆರಿಗೆ ಭಯವೂ ಹಾಗೇ. ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಒಣಗಿಸಿದರೆ ಅದು ಕೃಷಿ ಆದಾಯವಾಗಿ ಉಳಿಯುವುದಿಲ್ವಾ ಅಂತ ಒಬ್ಬರು ಗಾಬರಿಯಾಗಿ ಬಂದಿದ್ದರು. 1961ರ ಆದಾಯ ತೆರಿಗೆ ಕಾಯ್ದೆಯೇ ಹೇಳಿತ್ತು: ಬೆಳೆದವನು ತನ್ನ ಬೆಳೆಯನ್ನು ಮಾರುಕಟ್ಟೆಗೆ ತಕ್ಕಂತೆ ಮಾಡಲು ಸಾಮಾನ್ಯವಾಗಿ ಮಾಡುವ ಕೆಲಸ ಕೃಷಿಯ ಭಾಗವೇ. ಆದರೆ ಖೇಣಿ ಹಿಡಿದು, ಅಂದರೆ ಫಸಲನ್ನು ಗುತ್ತಿಗೆಗೆ ಕೊಂಡು, ಬೇರೆಯವರ ಹಸಿ ಅಡಿಕೆ ಬೇಯಿಸಿ ಮಾರಿದರೆ ಅದು ವ್ಯಾಪಾರ. ಇಂಥದ್ದಕ್ಕೆ ಸದನದವರೆಗೆ ಹೋಗಬೇಕಾಗಿಲ್ಲ, ಒಳ್ಳೆ ಲೆಕ್ಕಪರಿಶೋಧಕರು ಸಾಕು. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯದ್ದು, ಆದ್ದರಿಂದ ದೆಹಲಿಯಲ್ಲಿ ಕೇಳಿದರೆ ಅದನ್ನೇ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ.

ಕೇಳಬಾರದ ಪ್ರಶ್ನೆಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಗೆ ಸೇರಿಸಿದೆ. 'ಅಡಿಕೆ ಹಾನಿಕರ ಅಲ್ಲ ಅಂತ ಸರ್ಕಾರ ಹೇಳಬೇಕು, ಪ್ರಶ್ನೆ ಹಾಕಿಸಿ' ಅಂತ ಉತ್ಸಾಹಿಗಳು ಬರುತ್ತಾರೆ. ಹಾಕಿಸಿದರೆ ಆರೋಗ್ಯ ಇಲಾಖೆ ಆ ವರದಿಯನ್ನೇ ಅಂಟಿಸಿ ಕಳಿಸುತ್ತದೆ, ಅದು ಶಾಶ್ವತವಾಗಿ ದಾಖಲೆಗೆ ಹೋಗುತ್ತದೆ. ಬೆಳೆಗಾರನಾಗಿ ಹೇಳುತ್ತಿದ್ದೇನೆ, ವರದಿಯನ್ನು ನಾವು ಸುಳ್ಳು ಅನ್ನಲಾರೆವು. ಹಾಗಾಗಿ ನಾನು ಕೇಳಿಸುವುದು ಬೇರೆ: ಪರ್ಯಾಯ ಬಳಕೆಯ ಸಂಶೋಧನೆಗೆ ಎಷ್ಟು ಹಣ ಕೊಟ್ಟಿದ್ದೀರಿ, ಎಷ್ಟು ಖರ್ಚಾಗಿದೆ.

ಸ್ಥಳೀಯ ವಿಷಯಗಳಲ್ಲಿ ಎಲ್ಲಕ್ಕಿಂತ ಕಷ್ಟ ಭೂಮಿಯದು. ಬಗರ್ ಹುಕುಂ ಅಂದರೆ ಸರ್ಕಾರಿ ಜಮೀನನ್ನು ಅನುಮತಿಯಿಲ್ಲದೆ ಉಳುತ್ತಾ ಬಂದವರು ಸಕ್ರಮ ಮಾಡಿಕೊಡಿ ಅಂತ ಕೇಳುವುದು. ಅದರ ಅರ್ಜಿ ಮೊದಲು ನಮೂನೆ 50, ಆಮೇಲೆ 53, ಆಮೇಲೆ 57. ಅಪ್ಪ 50 ಕೊಟ್ಟಿದ್ದ, ಮಗ 57 ಕೊಟ್ಟಿದ್ದಾನೆ, ಜಮೀನು ಮಂಜೂರಾದದ್ದಕ್ಕೆ ಕೊಡುವ ಸಾಗುವಳಿ ಚೀಟಿ ಇನ್ನೂ ಬಂದಿಲ್ಲ ಅನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಯಲುಸೀಮೆಯವರಿಗೆ ಗೋಮಾಳದ ತಕರಾರು. ನಮಗೆ ಕಾನು ಅನ್ನುವ ದಟ್ಟ ಕಾಡು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅಧಿಸೂಚನೆ ಇಲ್ಲದಿದ್ದರೂ ಕಾಡು ಅಂತ ಪರಿಗಣಿಸುವ ಡೀಮ್ಡ್ ಫಾರೆಸ್ಟ್. ಪಹಣಿಯಲ್ಲಿ ಕಂದಾಯ ಅಂತ ಇರುತ್ತದೆ, ಅರಣ್ಯದವರ ನಕ್ಷೆಯಲ್ಲಿ ಕಾಡು ಅಂತ ಇರುತ್ತದೆ. ಇಲ್ಲಿ ಭಾಷಣ ಮಾಡಿದವರು ಎಷ್ಟು ಜನ! ಒಂದು ಇಲಾಖೆಗೆ ಕೇಳಿದರೆ ಇನ್ನೊಂದರ ಕಡೆ ಕೈ ತೋರಿಸುತ್ತಾರೆ. ಅದಕ್ಕೆ ಒಂದೇ ಪ್ರಶ್ನೆಯನ್ನು ಕಂದಾಯಕ್ಕೂ ಅರಣ್ಯಕ್ಕೂ ಬೇರೆ ಬೇರೆ ದಿನ ಹಾಕಿಸಿ, ಎರಡು ಉತ್ತರ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಅಂಕಿ ತಾಳೆಯಾಗುವುದು ಅಪರೂಪ. ತಾಳೆಯಾಗದ ಜಾಗದಲ್ಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ.

ನಮೂನೆ 57ರ ಅರ್ಜಿ ಎಷ್ಟು, ಮಂಜೂರು ಎಷ್ಟು, ತಿರಸ್ಕಾರ ಎಷ್ಟು, ಕಾರಣವಾರು ಕೊಡಿ ಅಂತ ಹಿಂದೆ ಕೇಳಿಸಿದ್ದೆ. ನಮ್ಮ ತಾಲ್ಲೂಕಿನ ತಿರಸ್ಕಾರದಲ್ಲಿ ದೊಡ್ಡ ಪಾಲು 'ಅರಣ್ಯ' ಅನ್ನುವ ಒಂದೇ ಪದದ ಕೆಳಗೆ ಬಂತು. ಆದರೆ 2022ರಲ್ಲಿ ರಾಜ್ಯ ಸರ್ಕಾರ ಡೀಮ್ಡ್ ಫಾರೆಸ್ಟ್ ವಿಸ್ತೀರ್ಣವನ್ನು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿಸಿತ್ತು. ಹಾಗಾದರೆ ಪಟ್ಟಿಯಿಂದ ಬಿಟ್ಟುಹೋದ ಸರ್ವೆ ನಂಬರುಗಳಲ್ಲಿ ಬಿದ್ದ ಅರ್ಜಿಗಳೂ ಅರಣ್ಯ ಅಂತಲೇ ತಿರಸ್ಕಾರ ಆಗಿವೆಯಾ? ಮುಂದಿನ ಅಧಿವೇಶನಕ್ಕೆ ಬರೆದಿಟ್ಟಿರುವುದು ಇದನ್ನೇ, ಗ್ರಾಮವಾರು, ಸರ್ವೆ ನಂಬರ್‌ವಾರು. ಅನುಬಂಧ ದಪ್ಪ ಬರುತ್ತದೆ ಅಂತ ಆಪ್ತ ಸಹಾಯಕರು ಈಗಲೇ ಗೊಣಗುತ್ತಿದ್ದಾರೆ.