ತಾರಸಿಯ ಮಳೆನೀರಿನ ಲೆಕ್ಕ ಹೇಳುವ ಜಾಲತಾಣ ಕಟ್ಟಿದ ಬಗೆ

ಮಳೆನೀರು ಕೊಯ್ಲಿನ ಲೆಕ್ಕ ಹೇಳುವ ಪುಟಗಳಲ್ಲಿ ಹೆಚ್ಚಿನವು ಒಂದೇ ಗುಣಾಕಾರಕ್ಕೆ ನಿಲ್ಲುತ್ತವೆ: ತಾರಸಿಯ ವಿಸ್ತೀರ್ಣ, ವರ್ಷದ ಮಳೆ, ಹರಿದು ಬರುವ ಪಾಲು. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 1,000 ಚದರಡಿ ತಾರಸಿ ಎಂದರೆ 92.9 ಚದರ ಮೀಟರ್. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿ.ಮೀ.; ಆರ್‌ಸಿಸಿ ತಾರಸಿಗೆ ಹರಿವಿನ ಪಾಲು 0.8. ಗುಣಿಸಿದರೆ ಸುಮಾರು 72,000 ಲೀಟರ್. ಅಂಕಿ ಸರಿಯೇ, ಆದರೆ ಅದನ್ನು ನಂಬಿ ತೊಟ್ಟಿಯ ಅಳತೆ ತೀರ್ಮಾನಿಸಲು ಆಗುವುದಿಲ್ಲ. 60 ಮಿ.ಮೀ. ಸುರಿದ ಒಂದೇ ದಿನ ಸುಮಾರು 4,460 ಲೀಟರ್ ಬಂದುಬಿಡುತ್ತದೆ. ಜನವರಿ, ಫೆಬ್ರುವರಿಯಲ್ಲಿ ಹನಿಯೂ ಕಷ್ಟ. ಮನೆಯವರಿಗೆ ತಿಳಿಯಬೇಕಾದದ್ದು, ಈ ತೊಟ್ಟಿ ವರ್ಷದಲ್ಲಿ ಎಷ್ಟು ದಿನ ನೀರು ಕೊಡುತ್ತದೆ ಎಂಬುದು. ಹಾಗಾಗಿ ನನ್ನ ಜಾಲತಾಣದಲ್ಲಿ ವರ್ಷದ ಮೊತ್ತ ಬಿಟ್ಟು ದಿನದಿನದ ಲೆಕ್ಕವನ್ನೇ ಹಿಡಿದೆ.

ಮಳೆಯ ಅಂಕಿಗಳು ಭಾರತ ಹವಾಮಾನ ಇಲಾಖೆಯವು. 1901ರಿಂದ ಈಚಿನ ದೈನಿಕ ಮಳೆಯನ್ನು ಇಲಾಖೆ 0.25 ಡಿಗ್ರಿ ಚೌಕಗಳಲ್ಲಿ, ವರ್ಷಕ್ಕೊಂದು ಬೈನರಿ ಕಡತವಾಗಿ ಕೊಡುತ್ತದೆ. ಅಕ್ಷಾಂಶ 6.5ರಿಂದ 38.5ರವರೆಗೆ 129 ಸಾಲು, ರೇಖಾಂಶ 66.5ರಿಂದ 100ರವರೆಗೆ 135 ಕಂಬ. ಪ್ರತಿ ಅಂಕಿ 4 ಬೈಟ್. ಊರಿನ ಅಕ್ಷಾಂಶದಿಂದ 6.5 ಕಳೆದು 0.25ರಿಂದ ಭಾಗಿಸಿ ದುಂಡಾಗಿಸಿದರೆ ಸಾಲಿನ ಸಂಖ್ಯೆ, ರೇಖಾಂಶದಿಂದ 66.5 ಕಳೆದು ಹಾಗೆಯೇ ಮಾಡಿದರೆ ಕಂಬದ ಸಂಖ್ಯೆ. ಬೆಂಗಳೂರಿಗೆ (12.97, 77.59) 26 ಮತ್ತು 44 ಬರುತ್ತದೆ. ಎಣಿಕೆ ಸೊನ್ನೆಯಿಂದ ಶುರು. ಕಡತದಲ್ಲಿ ಅಂಕಿಯ ಜಾಗ: (ದಿನ × 129 + ಸಾಲು) × 135 + ಕಂಬ. ಪೈಥಾನ್‌ನಲ್ಲಿ ಇದನ್ನು ಒಮ್ಮೆ ಓದಿ, ಚೌಕಕ್ಕೊಂದು ಚಿಕ್ಕ ಜೇಸನ್ (ಬ್ರೌಸರ್ ಸುಲಭವಾಗಿ ಓದುವ ಪಠ್ಯ) ಕಡತ ಮಾಡಿಟ್ಟೆ. ಮಳೆಯನ್ನು ಮಿ.ಮೀ.ನ ಹತ್ತನೇ ಒಂದು ಪಾಲಿನ ಪೂರ್ಣಾಂಕವಾಗಿ ಬರೆದರೆ 10 ವರ್ಷದ 3,650 ಚಿಲ್ಲರೆ ಅಂಕಿಗಳು ಕೆಲವೇ ಕೆಬಿಗೆ ಇಳಿಯುತ್ತವೆ, ಏಕೆಂದರೆ ಹೆಚ್ಚಿನವು ಸೊನ್ನೆ. ಸರ್ವರ್ ಬೇಕಿಲ್ಲ, ಲೆಕ್ಕವೆಲ್ಲ ಓದುಗರ ಫೋನಿನಲ್ಲೇ ನಡೆಯುತ್ತದೆ, ಅವರ ಮನೆಯ ವಿವರ ಎಲ್ಲಿಗೂ ಹೋಗುವುದಿಲ್ಲ.

ಇಲ್ಲಿ ಎರಡು ಕಡೆ ಎಡವುತ್ತೇವೆ. ಮೊದಲನೆಯದು −999. ಸಮುದ್ರದ ಮತ್ತು ಅಂಕಿಯೇ ಇಲ್ಲದ ಚೌಕಗಳಿಗೆ ಇಲಾಖೆ ಇಡುವ ಗುರುತು ಅದು. ಕೋಡಿನಲ್ಲಿ 'ಸೊನ್ನೆಗಿಂತ ಕಡಿಮೆಯಾದರೆ ಸೊನ್ನೆ' ಎಂಬ ಸಾಲಿದ್ದರೆ ತಪ್ಪು ಕಣ್ಣಿಗೇ ಬೀಳುವುದಿಲ್ಲ, ಆ ಊರಿಗೆ ಮಳೆಯೇ ಇಲ್ಲವೆಂದು ಪುಟ ಹೇಳುತ್ತದೆ. ಕರಾವಳಿಯ ಊರುಗಳಲ್ಲಿ ದುಂಡಾಗಿಸುವಾಗ ಚೌಕ ಸಮುದ್ರದೊಳಗೆ ಹೋಗಿಬಿಡಬಹುದು. ಆಗ ಪಕ್ಕದ ನೆಲದ ಚೌಕವನ್ನು ಹುಡುಕಿ ತೆಗೆಯಬೇಕು. ಎರಡನೆಯದು ಅಧಿಕ ವರ್ಷ. 366 ದಿನವೆಂದು ಗಮನಿಸದೆ ವರ್ಷಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಮುಂದಿನ ತಾರೀಕುಗಳೆಲ್ಲ ಒಂದೊಂದು ದಿನ ಜರುಗುತ್ತವೆ.

ದಿನದ ಲೆಕ್ಕ ಹೀಗೆ. ಹಿಂದಿನ 3 ದಿನ ಮಳೆ ಇಲ್ಲದಿದ್ದರೆ ಇಂದಿನ ಮಳೆಯಲ್ಲಿ 2 ಮಿ.ಮೀ. ಕಳೆಯುತ್ತೇನೆ, ಧೂಳು, ಹಕ್ಕಿಹಿಕ್ಕೆ ತೊಳೆದು ಹೋಗುವ ಮೊದಲ ನೀರು ಅದು, 1,000 ಚದರಡಿಗೆ ಸುಮಾರು 186 ಲೀಟರ್. ಉಳಿದ ಮಳೆಯನ್ನು ವಿಸ್ತೀರ್ಣದಿಂದಲೂ 0.8ರಿಂದಲೂ ಗುಣಿಸಿ ತೊಟ್ಟಿಗೆ ಸೇರಿಸಿ, ತೊಟ್ಟಿಯ ಅಳತೆ ಮೀರಿದ್ದನ್ನು 'ತುಂಬಿ ಹೊರಗೆ ಹೋದದ್ದು' ಎಂದು ಬರೆದು, ಆಮೇಲೆ ಮನೆಯ ಬಳಕೆಯನ್ನು ಕಳೆಯಬೇಕು. ಈ ಕ್ರಮ ಮುಖ್ಯ. ಬಳಕೆಯನ್ನು ಮೊದಲು ಕಳೆದು ಆಮೇಲೆ ಹೆಚ್ಚುವರಿಯನ್ನು ನೋಡಿದರೆ ಸಣ್ಣ ತೊಟ್ಟಿಗಳು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತವೆ. ಜನ ದುಡ್ಡು ಹಾಕುವ ವಿಷಯದಲ್ಲಿ ಲೆಕ್ಕ ಕಡಿಮೆ ಹೇಳಿದರೂ ಸರಿ, ಹೆಚ್ಚು ಹೇಳಬಾರದು. ಬಳಕೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಇಟ್ಟು, ಅದನ್ನು ಬದಲಿಸಲು ಬಿಟ್ಟಿದ್ದೇನೆ. ನಾಲ್ಕು ಜನರ ಮನೆಗೆ ವರ್ಷಕ್ಕೆ 1,97,100 ಲೀಟರ್ ಆಗುತ್ತದೆ. ಮೇಲಿನ 72,000 ಅದರ ಮೂರನೇ ಒಂದು ಪಾಲು ದಾಟುತ್ತದೆ ಅಷ್ಟೆ, ಅದೂ ಎಲ್ಲವನ್ನೂ ಹಿಡಿದಿಟ್ಟರೆ.

ತೊಟ್ಟಿಯ ಅಳತೆಗೆ ಜಾರುಪಟ್ಟಿ ಇಟ್ಟೆ. ಮೊದಲು 1 ಲೀಟರಿನ ಹೆಜ್ಜೆ ಕೊಟ್ಟಿದ್ದೆ. ಅದರಿಂದ ಉಪಯೋಗವಿಲ್ಲ, 3,713 ಲೀಟರಿನ ಟ್ಯಾಂಕ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಈಗ 500, 1,000, 2,000, 5,000 ಹೀಗೆ ಮಾರುಕಟ್ಟೆಯ ಅಳತೆಗಳಲ್ಲೇ ನಿಲ್ಲುತ್ತದೆ. ನೆಲದ ಸಂಪು ಇರುವವರಿಗೆ ಅಡಿಯಲ್ಲಿ ಉದ್ದ, ಅಗಲ, ಆಳ ಕೇಳುತ್ತೇನೆ: 1 ಘನ ಅಡಿಗೆ 28.3 ಲೀಟರ್, ಆದ್ದರಿಂದ 6 × 6 × 5 ಅಡಿಯ ಸಂಪು ಸುಮಾರು 5,100 ಲೀಟರ್. ಪಟ್ಟಿ ಎಳೆಯುತ್ತಿರುವಾಗಲೇ ಉತ್ತರ ಬದಲಾಗಬೇಕು, ಬೆರಳು ಎತ್ತಿದ ಮೇಲಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ 'ಚೇಂಜ್' ಬಿಟ್ಟು 'ಇನ್‌ಪುಟ್' ಘಟನೆಗೆ ಕಿವಿಗೊಡಬೇಕು. ಹತ್ತು ವರ್ಷದ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ತಡವಾಗುವುದು ಚಿತ್ರ ಬಿಡಿಸುವಲ್ಲಿ. ದಿನಕ್ಕೊಂದು ಎಸ್‌ವಿಜಿ ಕಂಬ (ಬ್ರೌಸರ್ ಒಂದೊಂದನ್ನೂ ಬೇರೆ ವಸ್ತುವಾಗಿ ನಿಭಾಯಿಸುವ ಆಕೃತಿ) ನಿಲ್ಲಿಸಿದರೆ ಕಡಿಮೆ ಬೆಲೆಯ ಫೋನು ತಡವರಿಸುತ್ತದೆ. ಇಡೀ ಚಿತ್ರವನ್ನು ಒಂದೇ ಹಾಳೆಯಂತಿರುವ ಕ್ಯಾನ್ವಾಸ್ ಮೇಲೆ ಬಿಡಿಸಿದಾಗ ಆ ತೊಂದರೆ ಹೋಯಿತು. ಆದರೆ ಕನ್ನಡ ಫಾಂಟ್ ಇಳಿಯುವ ಮೊದಲೇ ಬಿಡಿಸಿದರೆ ಅಕ್ಷರಗಳು ಬೇರೆ ಫಾಂಟಿನಲ್ಲಿ ಅಚ್ಚಾಗಿ ಹಾಗೆಯೇ ಉಳಿಯುತ್ತವೆ. ಫಾಂಟ್ ಸಿದ್ಧವಾದ ಸೂಚನೆಗೆ ಕಾದು ಬಿಡಿಸಬೇಕು.

ತಾರಸಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುವ ಸೌಕರ್ಯವನ್ನು ಲೀಫ್‌ಲೆಟ್ ಎಂಬ ನಕ್ಷೆಯ ಲೈಬ್ರರಿಯಿಂದ ಮಾಡಿದೆ, ಆದರೆ ಅದನ್ನು ಎರಡನೇ ದಾರಿಯಾಗಿ ಇಟ್ಟಿದ್ದೇನೆ. ಸಣ್ಣ ಪರದೆಯಲ್ಲಿ ಬೆರಳಿನಿಂದ ಮೂಲೆ ಹಿಡಿಯುವುದು ಕಷ್ಟ. ಮನೆಯ ಉದ್ದ ಅಗಲ ಅಡಿಯಲ್ಲಿ ಎಲ್ಲರಿಗೂ ಬಾಯಿಗೇ ಬರುತ್ತದೆ. ಒಂದು ಎಚ್ಚರ: 30 × 40 ಎಂಬುದು ಸೈಟಿನ ಅಳತೆ, ತಾರಸಿಯದಲ್ಲ, ಸುತ್ತ ಬಿಟ್ಟ ಜಾಗ ಕಳೆಯಬೇಕು ಎಂದು ಖಾನೆಯ ಕೆಳಗೇ ಬರೆದಿದೆ. ನಕ್ಷೆಯ ವಿಸ್ತೀರ್ಣವನ್ನು ಪರದೆಯ ಮರ್ಕೇಟರ್ (ದುಂಡು ಭೂಮಿಯನ್ನು ಚಪ್ಪಟೆಯಾಗಿ ಹರಡುವ ಬಗೆ) ಅಳತೆಯಲ್ಲಿ ತೆಗೆದರೆ 13 ಡಿಗ್ರಿ ಅಕ್ಷಾಂಶದಲ್ಲಿ ಶೇ 5ರಷ್ಟು ಹೆಚ್ಚು ಬರುತ್ತದೆ. ಟರ್ಫ್ ಲೈಬ್ರರಿಯ ವಿಸ್ತೀರ್ಣದ ಲೆಕ್ಕ ಗೋಳದ ಮೇಲಿನದು, ಅದೇ ಸರಿ. ನಕ್ಷೆಯ ಆಕೃತಿಗಳನ್ನು ಬರೆದಿಡುವ ಜಿಯೋಜೇಸನ್ ಮಾದರಿಯಲ್ಲಿ ರೇಖಾಂಶ ಮೊದಲು, ಲೀಫ್‌ಲೆಟ್‌ನಲ್ಲಿ ಅಕ್ಷಾಂಶ ಮೊದಲು. ಅದಲುಬದಲಾದರೆ ಬೆಂಗಳೂರಿನ ಮನೆ ಉತ್ತರ ಧ್ರುವದ ಕಡೆ ಸ್ವಾಲ್ಬಾರ್ಡ್ ಪಕ್ಕದ ಸಮುದ್ರದಲ್ಲಿ ಕಾಣುತ್ತದೆ.

ಕನ್ನಡದ ಕೆಲಸಗಳು ಬೇರೆಯೇ. ೧೨೦೦ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದು ಓದುವುದಿಲ್ಲ. ಖಾನೆಯನ್ನು ಪಠ್ಯದ ಖಾನೆಯಾಗಿಯೇ ಇಟ್ಟು, ಅಂಕಿಯ ಕೀಲಿಮಣೆ ಬರುವಂತೆ ಸೂಚಿಸಿ, ೦ಯಿಂದ ೯ರವರೆಗಿನ ಅಂಕಿಗಳನ್ನು ಬದಲಿಸಿ, ಅಲ್ಪವಿರಾಮ ತೆಗೆದು ಓದಿಸಿದೆ. ಫಾಂಟನ್ನು ಹಗುರ ಮಾಡಲು ಕತ್ತರಿಸುವಾಗ ಒತ್ತಕ್ಷರ ಕೂಡಿಸುವ ನಿಯಮಗಳನ್ನು ಉಳಿಸಿಕೊಳ್ಳಬೇಕು. ಅವು ಹೋದರೆ 'ಕೊಯ್ಲು' ಬಿಡಿಬಿಡಿಯಾಗುತ್ತದೆ. 'ಬೋರ್‌ವೆಲ್' ಪದದ ನಡುವೆ ಇರುವ, ಒತ್ತಕ್ಷರ ಕೂಡದಂತೆ ತಡೆಯುವ ಕಾಣದ ಅಕ್ಷರವೂ ಫಾಂಟಿನಲ್ಲಿ ಉಳಿಯಬೇಕು. ಗುಂಡಿಗಳಿಗೆ ಎತ್ತರ ಕಟ್ಟುನಿಟ್ಟು ಮಾಡಿದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ; ಸಾಲಿನ ಎತ್ತರ 1.6 ಇಟ್ಟರೆ ನೆಮ್ಮದಿ.

ಪರೀಕ್ಷೆಗೆ ಒಂದು ಸಮೀಕರಣ ಸಾಕಾಯಿತು: ಒಳಬಂದ ನೀರು = ಬಳಸಿದ್ದು + ಹೊರಗೆ ಹೋದದ್ದು + ತೊಟ್ಟಿಯಲ್ಲಿ ಹೆಚ್ಚಿದ್ದು. ಹತ್ತು ವರ್ಷದ ಕೊನೆಗೆ ಒಂದು ಲೀಟರ್ ವ್ಯತ್ಯಾಸ ಬಂದರೂ ಎಲ್ಲೋ ತಪ್ಪಿದೆ. ಕೈಲೆಕ್ಕಕ್ಕೆ: ಒಣ ದಿನಗಳ ನಂತರ 10 ಮಿ.ಮೀ. ಬಿದ್ದರೆ 1,000 ಚದರಡಿಗೆ 595 ಲೀಟರ್ ಬರಬೇಕು.

ಚೌಕದ ಮಳೆ ಸುಮಾರು 27 ಕಿ.ಮೀ. ಅಗಲದ ಸರಾಸರಿ; ಬಿರುಮಳೆಯ ಜೋರು ಅದರಲ್ಲಿ ತಗ್ಗುತ್ತದೆ, ಹೊರಹರಿವು ಕಡಿಮೆ ಕಾಣುತ್ತದೆ. ಬಯಲುಸೀಮೆಯಲ್ಲಿ ಇದನ್ನು ಒಪ್ಪಬಹುದು. ಘಟ್ಟದಲ್ಲಿ ಆಗದು: ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಎಷ್ಟೋ ಪಾಲು ಇಳಿಯುತ್ತದೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕ ಇಟ್ಟು ಬರೆದುಕೊಳ್ಳುವ ರೂಢಿ ಇದೆ. ಅವರು ತಮ್ಮ ತಿಂಗಳ ಮೊತ್ತ ಹಾಕಲು 12 ಖಾನೆ ಕೊಟ್ಟು, ಚೌಕದ ಆಯಾ ತಿಂಗಳ ದಿನದ ಮಳೆಯನ್ನು ಅದೇ ಅನುಪಾತದಲ್ಲಿ ಹಿಗ್ಗಿಸುತ್ತೇನೆ. ಚೌಕದಲ್ಲಿ ಆ ತಿಂಗಳು ಸೊನ್ನೆ ಇದ್ದರೆ ಭಾಗಾಕಾರ ಮುರಿಯುತ್ತದೆ. ಅಂಥ ತಿಂಗಳನ್ನು ಮುಟ್ಟದೆ ಬಿಡಬೇಕು.