ಬಿಸಿ ಲೈನಿಗೆ ಲೂಪ್ ಹಾಕುವ ಮುಂಚೆ: ಪೈಪ್ ಸ್ಟ್ರೆಸ್ ಕೆಲಸದಲ್ಲಿ ನನ್ನ ಅನುಭವ

ಪೈಪ್ ಸ್ಟ್ರೆಸ್ ಕೆಲಸಕ್ಕೆ, ಅಂದರೆ ಪೈಪ್ ತನ್ನ ಮೇಲೆ ಬೀಳುವ ಒತ್ತಡ ತಡೆಯುತ್ತದಾ ಎಂದು ಲೆಕ್ಕ ಹಾಕುವ ಕೆಲಸಕ್ಕೆ, ಹೊಸದಾಗಿ ಬಂದವರಿಗೆ ಲೈನ್ ಬಿಸಿ ಅಂದ ತಕ್ಷಣ ಹೊಳೆಯುವುದು ಒಂದೇ: ಪೈಪ್ ಹಿಗ್ಗುತ್ತದೆ, ಲೂಪ್ (ಹಿಗ್ಗಲು ಜಾಗ ಕೊಡುವ ಪೈಪಿನ ಸುತ್ತು) ಹಾಕೋಣ. ಆದರೆ ತಾಪಮಾನ ಏರಿದಾಗ ಜಾಸ್ತಿ ಏಟು ಬೀಳುವುದು ಸಸ್ಟೇನ್ಡ್ ಚೆಕ್‌ಗೆ, ಅಂದರೆ ತೂಕ ಮತ್ತು ಒಳಗಿನ ಪ್ರೆಶರ್‌ನ ಲೆಕ್ಕಕ್ಕೆ. ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಒಂದು ರಿಫೈನರಿಯ ಸ್ಟೀಮ್ ಲೈನ್ ಮಾಡುವಾಗ.

ಲೈನ್ 10 ಇಂಚು, ಗೋಡೆಯ ದಪ್ಪ ಶೆಡ್ಯೂಲ್ 60, ಎ106 ಗ್ರೇಡ್ ಬಿ ಕಾರ್ಬನ್ ಸ್ಟೀಲ್. ಆಪರೇಟಿಂಗ್ ತಾಪಮಾನ, ಅಂದರೆ ಮಾಮೂಲಿಯಾಗಿ ಓಡುವಾಗಿನದು, 385 ಡಿಗ್ರಿ ಸೆಲ್ಸಿಯಸ್; ಲೆಕ್ಕಕ್ಕೆ ಹಿಡಿಯುವ ಡಿಸೈನ್ ತಾಪಮಾನ 427. ಪಾಲಿಸುವ ಕೋಡ್ (ನಿಯಮಾವಳಿ) ಎಎಸ್‌ಎಂಇ ಬಿ31.3. ಸ್ಟೀಮ್ ಆದ್ದರಿಂದ ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್) ಪ್ರಕಾರ ದಪ್ಪದ ಲೆಕ್ಕ ಬೇರೆ ಮಾಡಬೇಕು, ಅದು ಇಲ್ಲಿ ಬೇಡ.

ಕೋಡ್‌ನ ಟೇಬಲ್‌ನಲ್ಲಿ ಈ ಪೈಪಿನ ಅಲೋವಬಲ್ ಸ್ಟ್ರೆಸ್, ಅಂದರೆ ಕೋಡ್ ಒಪ್ಪುವ ಸ್ಟ್ರೆಸ್‌ನ ಮಿತಿ, ಬಿಸಿ ಏರಿದಂತೆ ಹೇಗೆ ಇಳಿಯುತ್ತದೆ ನೋಡಿ. ತಣ್ಣಗಿದ್ದಾಗ 138 ಎಂಪಿಎ (ಮೆಗಾಪ್ಯಾಸ್ಕಲ್). ಅದು 415ರ ಟೆನ್ಸೈಲ್ ಸ್ಟ್ರೆಂತ್‌ನ (ಎಳೆದರೆ ತಡೆಯುವ ಗರಿಷ್ಠ ಸ್ಟ್ರೆಸ್‌ನ) ಮೂರನೇ ಒಂದು ಭಾಗ. 200 ಡಿಗ್ರಿವರೆಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. 371ಕ್ಕೆ ಬಂದರೆ ಸುಮಾರು 115. ಅಲ್ಲಿಂದ ಮುಂದೆ ಕಥೆಯೇ ಬೇರೆ. 399ಕ್ಕೆ 90ರಿಂದ 96, 427ಕ್ಕೆ 75ರಿಂದ 79. ಎಡಿಷನ್ ಮೇಲೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ನಾವು ಹಿಡಿದದ್ದು 75. ಕಾರಣ ಕ್ರೀಪ್. ಒಂದೇ ತೂಕ ಹೊತ್ತು ವರ್ಷಗಟ್ಟಲೆ ಬಿಸಿಯಲ್ಲಿ ನಿಂತ ಸ್ಟೀಲ್ ನಿಧಾನವಾಗಿ ಜಗ್ಗುತ್ತದೆ. ಅದಕ್ಕೇ ಈ ತಾಪಮಾನದಲ್ಲಿ ಕೋಡ್ 1,00,000 ಗಂಟೆಯ ರಪ್ಚರ್ ಸ್ಟ್ರೆಂತ್ ಅನ್ನೂ, ಅಂದರೆ ಅಷ್ಟು ಹೊತ್ತಿನಲ್ಲಿ ಸ್ಟೀಲ್ ಮುರಿಯುವ ಸ್ಟ್ರೆಸ್ಸನ್ನೂ, ನೋಡುತ್ತದೆ. ಅಂದರೆ 11 ವರ್ಷಕ್ಕೂ ಜಾಸ್ತಿ.

ಈಗ ಎರಡು ಚೆಕ್‌ಗಳನ್ನು ಪಕ್ಕಪಕ್ಕ ಇಡಿ. ಸಸ್ಟೇನ್ಡ್‌ಗೆ ಮಿತಿ ನೇರವಾಗಿ ಹಾಟ್ ಅಲೋವಬಲ್ (ಬಿಸಿಯಲ್ಲಿನ ಅಲೋವಬಲ್): 138 ಇದ್ದದ್ದು 75 ಆಯಿತು, ಹತ್ತಿರ ಹತ್ತಿರ ಅರ್ಧ. ಎಕ್ಸ್‌ಪ್ಯಾನ್ಶನ್‌ಗೆ, ಅಂದರೆ ಹಿಗ್ಗುವಿಕೆಯ ಚೆಕ್‌ಗೆ, ಮಿತಿ ಕೋಲ್ಡ್ (ತಣ್ಣಗಿದ್ದಾಗಿನ) ಅಲೋವಬಲ್‌ನ 1.25 ಪಟ್ಟು, ಜೊತೆಗೆ ಹಾಟ್‌ನ ಕಾಲು ಭಾಗ. ತಣ್ಣಗಿದ್ದರೆ 207, ಇಲ್ಲಿ 191. ಇಳಿದದ್ದು ಶೇ. 8 ಮಾತ್ರ! ಹಿಗ್ಗುವಿಕೆಯ ಸ್ಟ್ರೆಸ್ ತಣ್ಣಗಿನ ಸ್ಥಿತಿಯಿಂದ ಬಿಸಿಗೆ ಹೋಗಿಬರುವ ರೇಂಜ್. ಪೈಪ್ ಸ್ವಲ್ಪ ಬಾಗಿ ಜಾಗ ಮಾಡಿಕೊಂಡರೆ ಅದು ತಾನೇ ಇಳಿಯುತ್ತದೆ. ತೂಕ ಹಾಗೆ ಇಳಿಯುವುದಿಲ್ಲ ಅಲ್ವಾ?

ಪೈಪ್ ಸ್ಟ್ರೆಸ್ ಸಾಫ್ಟ್‌ವೇರ್ ಆದ ಸೀಸರ್‌ನಲ್ಲಿ ಓಡಿಸಿದಾಗ ಎಕ್ಸ್‌ಪ್ಯಾನ್ಶನ್ ಆರಾಮಾಗಿ ಪಾಸ್. ಸಸ್ಟೇನ್ಡ್ ಕೂಡ ಮೊದಲಿಗೆ ಪಾಸ್: 39 ಎಂಪಿಎ. 45 ಬಾರ್ ಪ್ರೆಶರ್‌ನಿಂದ 27, 7 ಮೀಟರ್ ಸ್ಪ್ಯಾನ್‌ನ (ಎರಡು ಸಪೋರ್ಟ್ ನಡುವಿನ ಪೈಪಿನ) ತೂಕದಿಂದ 12. ನನಗೆ ಅನುಮಾನ ಬಂದದ್ದು ಆಪರೇಟಿಂಗ್ ಕೇಸ್‌ನ, ಅಂದರೆ ಪೈಪ್ ಬಿಸಿಯಾಗಿರುವಾಗಿನ, ರಿಸ್ಟ್ರೇಂಟ್ ಪಟ್ಟಿ (ಪ್ರತಿ ಸಪೋರ್ಟ್ ಮೇಲಿನ ಲೋಡ್‌ನ ಪಟ್ಟಿ) ನೋಡಿದಾಗ. ಒಂದು ಎಲ್ಬೋ (ಪೈಪಿನ ತಿರುವು) ಪಕ್ಕದ ರೆಸ್ಟ್ ಸಪೋರ್ಟ್, ಅಂದರೆ ಪೈಪ್ ಸುಮ್ನೆ ಮೇಲೆ ಕೂರುವ ಆಧಾರ, ಅದರ ಮೇಲೆ ಲೋಡ್ ಸೊನ್ನೆ. ಅಲ್ಲೇ ಕೆಳಗೆ 6 ಮೀಟರಿನ ನೆಟ್ಟಗಿನ ಲೆಗ್ ಇತ್ತು. ಅದು ಬಿಸಿಯಾಗಿ 33 ಮಿಲಿಮೀಟರ್‌ನಷ್ಟು ಮೇಲೆ ಬೆಳೆದು ಪೈಪನ್ನು ಸಪೋರ್ಟ್‌ನಿಂದ ಎತ್ತಿಬಿಟ್ಟಿತ್ತು.

ಆ ಸಪೋರ್ಟ್ ಹೋದರೆ 7 ಮೀಟರ್ ಸ್ಪ್ಯಾನ್ 14 ಆಗುತ್ತದೆ, ಬೆಂಡಿಂಗ್ ನಾಲ್ಕು ಪಟ್ಟು. ಬಿ31.3ರ ಅಪೆಂಡಿಕ್ಸ್ ಎಸ್‌ನಲ್ಲಿ ಇಂಥದ್ದೇ ಉದಾಹರಣೆ ಇದೆ. ಆ ಸಪೋರ್ಟ್ ಬಿಟ್ಟು ಮತ್ತೆ ಓಡಿಸಿದೆ. ಎಲ್ಬೋ ಹತ್ತಿರ 84 ಎಂಪಿಎ ಬಂತು, ಮಿತಿಯ ಶೇ. 112. ಅಂದರೆ ತಾಪಮಾನ ಎರಡೂ ಕಡೆ ಕೈ ಹಾಕಿತ್ತು: ಮಿತಿಯನ್ನು ಇಳಿಸಿತು, ಸ್ಟ್ರೆಸ್ಸನ್ನು ಏರಿಸಿತು.

ಜೊತೆಗಿದ್ದ ಹುಡುಗ ಕೇಳಿದ, ‘ಸರ್, 385ಕ್ಕೇ ಅಲೋವಬಲ್ ತಗೊಂಡ್ರೆ? ಆಗ 100ರ ಮೇಲೆ ಸಿಗುತ್ತೆ, ಪಾಸ್ ಆಗುತ್ತೆ.’ ಪ್ರಶ್ನೆ ಸರಿಯಾಗೇ ಇತ್ತು. ಡಿಸೈನ್ ತಾಪಮಾನ ಕೆಲವೊಮ್ಮೆ ಸುಮ್ನೆ ಸೇರಿಸಿದ ಮಾರ್ಜಿನ್ ಆಗಿರುತ್ತದೆ. ಹಾಗಾಗಿ ಪ್ರೋಸೆಸ್‌ನವರನ್ನೇ ಕೇಳಿದೆವು. ಸ್ಟೀಮಿನ ಬಿಸಿ ಇಳಿಸುವ ಡಿಸೂಪರ್‌ಹೀಟರ್ ಕೈಕೊಟ್ಟರೆ ಲೈನ್ ನಿಜಕ್ಕೂ ಅಷ್ಟು ಬಿಸಿಯಾಗುತ್ತದೆ ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಸಸ್ಟೇನ್ಡ್‌ಗೆ ಸಾಫ್ಟ್‌ವೇರ್ ತಾನಾಗಿ ಹಾಕಿಕೊಂಡ ಅಲೋವಬಲ್ ಅನ್ನು ನಾನು ಯಾವತ್ತೂ ಟೇಬಲ್ ಜೊತೆ ತಾಳೆ ನೋಡುತ್ತೇನೆ. ಎರಡು ತಾಪಮಾನ ಕೊಟ್ಟಿದ್ದರೆ ಕಡಿಮೆ ಅಲೋವಬಲ್ ಯಾವುದೋ ಅದಕ್ಕೇ ಪಾಸ್ ಆಗಬೇಕು ಅನ್ನುವುದು ನನ್ನ ಹಟ.

ಲೂಪ್ ಹಾಕಿದ್ದರೆ ಏನಾಗುತ್ತಿತ್ತು? ಪಾಸ್ ಆಗಿದ್ದ ಎಕ್ಸ್‌ಪ್ಯಾನ್ಶನ್ ಇನ್ನಷ್ಟು ಪಾಸ್ ಆಗುತ್ತಿತ್ತು, ತೂಕ ಇನ್ನೂ ಜಾಸ್ತಿ ಆಗುತ್ತಿತ್ತು. ಆ ರೆಸ್ಟ್ ತೆಗೆದು ವೇರಿಯಬಲ್ ಸ್ಪ್ರಿಂಗ್ ಕೊಟ್ಟೆವು. ಪೈಪ್ ಮೇಲೆದ್ದರೂ ಸ್ಪ್ರಿಂಗ್ ಜೊತೆಗೇ ಎದ್ದು ತೂಕ ಹೊರುತ್ತದೆ. ಸ್ಟ್ರೆಸ್ ಮತ್ತೆ 40ರ ಆಸುಪಾಸಿಗೆ ಬಂತು.

ಸ್ಪ್ರಿಂಗ್‌ಗೆ ಅದರದ್ದೇ ತಾಪತ್ರಯ ಇದೆ. ಹೈಡ್ರೋಟೆಸ್ಟ್‌ನಲ್ಲಿ (ನೀರಿನ ಪ್ರೆಶರ್ ಕೊಟ್ಟು ಮಾಡುವ ಪರೀಕ್ಷೆಯಲ್ಲಿ) ಪೈಪಿನ ತುಂಬ ನೀರು ಇರುತ್ತದೆ, ಆಗ ಅದನ್ನು ಲಾಕ್ ಮಾಡಲೇಬೇಕು. ಟೆಸ್ಟ್ ಮುಗಿದ ಮೇಲೆ ಲಾಕ್ ಪಿನ್ ತೆಗೆಯಲು ಸೈಟ್‌ನಲ್ಲಿ ಮರೆತರೆ ಅದೂ ಒಂದು ರೆಸ್ಟ್ ಸಪೋರ್ಟೇ, ಪೈಪ್ ಮತ್ತೆ ಎದ್ದು ನಿಲ್ಲುತ್ತದೆ. ಅದಕ್ಕೇ ಡ್ರಾಯಿಂಗ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದೆ: ಸ್ಟೀಮ್ ಬಿಡುವ ಮುಂಚೆ ಪಿನ್ ತೆಗೆಯಿರಿ.